ಸ್ಲೋ ಕುಕ್ಕರ್ ಬೇಕಾ? ಮೊದಲು ನಿಮ್ಮ ವಾರದ ಅಡುಗೆ ನೋಡಿ

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ಮನೆಯಲ್ಲಿ ನಾಲ್ಕು ಜನ. ಪ್ರೆಶರ್ ಕುಕ್ಕರ್ ಇದೆ, ಚೆನ್ನಾಗಿಯೇ ಬಳಸುತ್ತೇವೆ. ಸ್ಲೋ ಕುಕ್ಕರ್ ಇದ್ದರೆ ಬೆಳಿಗ್ಗೆ ಹಾಕಿ ಹೋದದ್ದು ಸಂಜೆಗೆ ತಾನೇ ಬೆಂದಿರುತ್ತದೆ, ತುಂಬಾ ಸಮಯ ಉಳಿಯುತ್ತದೆ ಎಂದು ಹೇಳುತ್ತಾರೆ. ಗೆಳತಿಯೊಬ್ಬಳ ಮನೆಯಲ್ಲಿ ಹಳೆಯದೊಂದು ಸುಮ್ನೆ ಕೂತಿದೆ, ಬೇಕಾದರೆ ಒಯ್ಯಿ ಎನ್ನುತ್ತಿದ್ದಾಳೆ. ನಿಜಕ್ಕೂ ಉಪಯೋಗ ಇದೆಯಾ? ಕರೆಂಟ್ ಜಾಸ್ತಿ ಎಳೆಯುತ್ತದಾ? ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಾಗೇ ಬಿಟ್ಟು ಹೋಗಬಹುದಾ?

ಉತ್ತರ: ಮೊದಲು ಒಂದು ಮಾತು ಬಿಡಿಸಿ ಹೇಳಿಬಿಡುತ್ತೇನೆ. ಸ್ಲೋ ಕುಕ್ಕರ್ ಸಮಯ ಉಳಿಸುವುದಿಲ್ಲ. ಕೆಲಸದ ಹೊತ್ತನ್ನು ಬದಲಿಸುತ್ತದೆ, ಅಷ್ಟೇ. ತರಕಾರಿ ಹೆಚ್ಚುವುದು, ಈರುಳ್ಳಿ ಹುರಿಯುವುದು, ಅಳತೆ ನೋಡಿ ಹಾಕುವುದು ಯಾವುದೂ ತಪ್ಪುವುದಿಲ್ಲ. ಸಂಜೆ ಏಳಕ್ಕೆ ಮಾಡುತ್ತಿದ್ದದ್ದನ್ನು ಬೆಳಿಗ್ಗೆ ಏಳೂವರೆಗೆ ಮಾಡುತ್ತೀರಿ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಏಳೂವರೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಆ ಹೊತ್ತಿಗೆ ಇಪ್ಪತ್ತು ನಿಮಿಷ ಸಿಗುವುದೇ ಇಲ್ಲ ಎಂದಾದರೆ, ಪಾತ್ರೆ ಎಷ್ಟೇ ಒಳ್ಳೆಯದಿರಲಿ, ತಿಂಗಳೊಳಗೆ ಅಟ್ಟ ಸೇರುತ್ತದೆ.

ಹಾಗಂತ ಇದು ಕೆಲಸಕ್ಕೆ ಬಾರದ ವಸ್ತು ಅಲ್ಲ. ಕೆಲವು ಅಡುಗೆಗಳನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಮಾಡುವುದಿಲ್ಲ. ಪ್ರಶ್ನೆ ಇರುವುದು, ಆ ಅಡುಗೆಗಳನ್ನು ನೀವು ಎಷ್ಟು ಸಲ ಮಾಡುತ್ತೀರಿ ಎನ್ನುವುದರಲ್ಲಿ.

ಇದು ಕೆಲಸ ಮಾಡುವ ರೀತಿ ತುಂಬಾ ಸರಳ. ದಪ್ಪ ಪಿಂಗಾಣಿಯಂಥ ಒಳಪಾತ್ರೆ, ಅದರ ಸುತ್ತ ಗೋಡೆಯಲ್ಲಿ ಬಿಸಿಯಾಗುವ ತಂತಿ, ಮೇಲೆ ಗಾಜಿನ ಮುಚ್ಚಳ. ಗ್ಯಾಸ್ ಒಲೆಯಲ್ಲಿ ತಳದಿಂದ ಬಿಸಿ ಏರುತ್ತದೆ, ಇದರಲ್ಲಿ ಸುತ್ತಲಿಂದ ಒಳಗೆ ಸರಿಯುತ್ತದೆ. ಅದಕ್ಕೇ ತಳ ಹಿಡಿಯುವುದು ಕಡಿಮೆ, ಕೈಯಾಡಿಸುತ್ತ ನಿಲ್ಲಬೇಕಾಗಿಲ್ಲ. ಏಳುವ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಹನಿಗಳು ಜಾರಿ ಪಾತ್ರೆಯ ಅಂಚಿನಲ್ಲಿ ನೀರಿನ ಒಂದು ಉಂಗುರ ಕಟ್ಟುತ್ತವೆ. ಗಮನಿಸಿ ನೋಡಿದರೆ ಆ ಉಂಗುರದಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿರುವುದು ಕಾಣುತ್ತದೆ. ಮುಚ್ಚಳವನ್ನು ಬಿಗಿಯಾಗಿಸುವುದು ಈ ನೀರೇ. ನೀವು ‘ಆಯ್ತಾ’ ಎಂದು ಒಂದು ಸಲ ಎತ್ತಿ ನೋಡಿದರೆ ಉಂಗುರ ಒಡೆಯುತ್ತದೆ, ಹಬೆ ಹೋಗುತ್ತದೆ. ಮತ್ತೆ ಮೊದಲಿನ ಬಿಸಿಗೆ ಬರಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ತಾಳ್ಮೆ ಇಲ್ಲದವರಿಗೆ ಮುಚ್ಚಳ ಗಾಜಿನದ್ದಾಗಿರುವುದು ಒಂದು ಉಪಕಾರ.

ಗುಂಡಿಯಲ್ಲಿರುವ ‘ಲೋ’ ಮತ್ತು ‘ಹೈ’ ಎಂಬ ಎರಡು ಬಿಸಿಮಟ್ಟಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಲೋ ಅಂದರೆ ಕಡಿಮೆ ಬಿಸಿಯಲ್ಲೇ ನಿಲ್ಲುತ್ತದೆ, ಹೈ ಅಂದರೆ ಜೋರಾಗಿ ಕುದಿಯುತ್ತದೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡೂ ಕೊನೆಗೆ ತಲುಪುವುದು ಹೆಚ್ಚುಕಡಿಮೆ ಒಂದೇ ಕಡೆ, ಕುದಿಯುವ ಮಟ್ಟಕ್ಕೆ ಸ್ವಲ್ಪ ಕೆಳಗೆ. ಹೈನಲ್ಲಿ ಮೂರು ನಾಲ್ಕು ಗಂಟೆಯಲ್ಲಿ ಅಲ್ಲಿಗೆ ಹೋಗುತ್ತದೆ, ಲೋನಲ್ಲಿ ಏಳೆಂಟು ಗಂಟೆ ಹಿಡಿಯುತ್ತದೆ. ವ್ಯತ್ಯಾಸ ಇರುವುದು ದಾರಿಯಲ್ಲಿ.

ಇದು ಹುಟ್ಟಿದ್ದೂ ಮನೆಯವರು ಒಲೆ ನೋಡಿಕೊಳ್ಳಲಾಗದ ಸಂದರ್ಭಕ್ಕೇ. ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಸಂಶೋಧಕರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಅಡುಗೆಗೆ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಲಿಥುವೇನಿಯಾದಲ್ಲಿ ಹಿಂದಿನ ಸಂಜೆಯೇ ಕಾಳು, ಮಾಂಸದ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿ ಇಟ್ಟು ಬರುತ್ತಿದ್ದರು ಎಂದು ಅವರ ತಾಯಿ ಹೇಳಿದ್ದೇ ಇದಕ್ಕೆ ಪ್ರೇರಣೆ. 1970ರಲ್ಲಿ ರೈವಲ್ ಕಂಪನಿ ಅವರ ಉದ್ಯಮವನ್ನು ಕೊಂಡು, ಮರುವರ್ಷ ‘ಕ್ರಾಕ್-ಪಾಟ್’ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ದುಡಿಯಲು ಹೊರಗೆ ಹೋಗುವ ಹೆಂಗಸರ ಮನೆಗಳಲ್ಲಿ ಅದು ಜಾಗ ಹಿಡಿಯಿತು. ಬೇಗ ಬೇಯಿಸಿಕೊಡುತ್ತೇನೆ ಎಂದು ಈ ಪಾತ್ರೆ ಯಾವತ್ತೂ ಹೇಳಿಲ್ಲ. ನೀವು ಇಲ್ಲದಾಗ ಹಾಳಾಗದಂತೆ ನೋಡಿಕೊಳ್ಳುತ್ತೇನೆ ಎನ್ನುತ್ತದೆ.

ಈಗ ಇದರ ನಿಜವಾದ ಕೈಚಳಕಕ್ಕೆ ಬರೋಣ. ಗಟ್ಟಿ ಮಾಂಸ. ಕಾಲು, ಭುಜ, ಕುತ್ತಿಗೆ, ಮೂಳೆ ಸೇರಿದ ತುಂಡುಗಳು. ಪ್ರಾಣಿ ಜಾಸ್ತಿ ಬಳಸುವ ಭಾಗಗಳಲ್ಲಿ ಕೊಲಾಜೆನ್ ಎಂಬ ನಾರು ತುಂಬಿರುತ್ತದೆ. ಅದು ಸುಮಾರು 60–70 ಡಿಗ್ರಿಯಿಂದ ಕರಗಲು ಶುರುವಾಗುತ್ತದೆ, ಬಿಸಿ ಹೆಚ್ಚಿದಷ್ಟೂ ವೇಗ ಹೆಚ್ಚು. ಕರಗಿದರೆ ಜೆಲಾಟಿನ್ ಆಗುತ್ತದೆ, ರಸಕ್ಕೆ ತುಟಿಗಂಟುವ ಗಟ್ಟಿತನ ಕೊಡುತ್ತದೆ. ಆದರೆ ನಡುವೆ ಒಂದು ಕೆಟ್ಟ ಘಟ್ಟ ಇದೆ. ಮೂರು ಗಂಟೆಯಾದ ಮೇಲೆ ಒಂದು ತುಂಡು ತೆಗೆದು ನೋಡಿ. ರಬ್ಬರ್ ಥರ ಇರುತ್ತದೆ. ಸ್ನಾಯು ಬಿಗಿದು ಒಳಗಿನ ನೀರನ್ನು ಹೊರಗೆ ಹಿಂಡಿರುತ್ತದೆ, ನಾರಿನ್ನೂ ಕರಗಿರುವುದಿಲ್ಲ. ಎಷ್ಟೋ ಜನ ‘ಜಾಸ್ತಿ ಬೆಂದು ಗಟ್ಟಿಯಾಯಿತು’ ಎಂದು ಇಲ್ಲೇ ಆರಿಸಿಬಿಡುತ್ತಾರೆ. ನಿಜವಾಗಿ ಅದು ಇನ್ನೂ ಬೆಂದಿಲ್ಲ. ಐದಾರು ಗಂಟೆಗೆ ಚಮಚ ಒತ್ತಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಏಳೆಂಟಕ್ಕೆ ಮೂಳೆ ಎಳೆದರೆ ಹಾಗೇ ಜಾರಿ ಬರುತ್ತದೆ. ಮಾಂಸ ತಿನ್ನುವ ಮನೆಯಾದರೆ, ಅಗ್ಗದ ತುಂಡುಗಳೇ ಇಲ್ಲಿ ದುಬಾರಿ ತುಂಡುಗಳಿಗಿಂತ ರುಚಿಯಾಗುತ್ತವೆ.

ಮೂಳೆ ರಸವೂ ಹಾಗೇ. ರಾತ್ರಿ ಮಲಗುವ ಮುಂಚೆ ಮೂಳೆ, ನೀರು, ಒಂದು ಈರುಳ್ಳಿ ಹಾಕಿ ಲೋನಲ್ಲಿಟ್ಟರೆ ಬೆಳಿಗ್ಗೆಗೆ ರೆಡಿ. ಜೋರು ಕುದಿ ಇಲ್ಲದ್ದರಿಂದ ಕೊಬ್ಬು ಒಡೆದು ರಸದೊಳಗೆ ಸೇರುವುದಿಲ್ಲ, ತಿಳಿಯಾಗಿರುತ್ತದೆ. ಫ್ರಿಜ್‌ನಲ್ಲಿಟ್ಟಾಗ ಗಟ್ಟಿಯಾಗಿ ಅಲುಗಾಡಿದರೆ ಕೊಲಾಜೆನ್ ಚೆನ್ನಾಗಿ ಇಳಿದಿದೆ ಎಂದು ಅರ್ಥ.

ಮಾಂಸ ತಿನ್ನದವರಿಗೆ ಏನು? ಇಡೀ ಕಾಳುಗಳು. ಪ್ರೆಶರ್ ಕುಕ್ಕರಿನಲ್ಲಿ ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಸಿಪ್ಪೆ ಒಡೆದು ಮುದ್ದೆಯಾಗುತ್ತದೆ. ಇದರಲ್ಲಿ ಕಾಳು ಇಡಿಯಾಗೇ ಉಳಿದು ಒಳಗೆ ಬೆಣ್ಣೆಯಂತಾಗುತ್ತದೆ. ಒಂದು ಷರತ್ತು. ಟೊಮೆಟೊ, ನಿಂಬೆರಸದಂಥ ಹುಳಿ ಮೊದಲೇ ಬೀಳಬಾರದು. ಹುಳಿ ಬಿದ್ದರೆ ಕಾಳಿನ ಗೋಡೆ ಗಟ್ಟಿಯಾಗೇ ನಿಲ್ಲುತ್ತದೆ, ಹತ್ತು ಗಂಟೆಯಾದರೂ ಬೇಯದೆ ಕೂರುತ್ತದೆ. ಕಾಳು ಮೆತ್ತಗಾದ ಮೇಲೆ ಹಾಕಿ. ನೀರು ಗಡಸಾದರೂ ಇದೇ ಗೋಳು. ಉಪ್ಪಿಗೆ ಮಾತ್ರ ಸುಮ್ನೆ ಕೆಟ್ಟ ಹೆಸರು. ನೆನೆಸುವ ನೀರಿಗೇ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ.

ಕಾಳಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಂಪು ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷ ಇರುತ್ತದೆ, ಫೈಟೊಹೀಮಗ್ಲುಟಿನಿನ್ ಎಂದು ಹೆಸರು. ಚೆನ್ನಾಗಿ ಕುದಿಸಿದರೆ ಹೋಗುತ್ತದೆ. ಆದರೆ ಸ್ಲೋ ಕುಕ್ಕರ್ ಲೋನಲ್ಲಿ ಕುದಿಯದೇ ಇರಬಹುದು. 80 ಡಿಗ್ರಿಯ ಸುತ್ತಮುತ್ತ ಬೆಂದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ವಿಷವಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ನಾಲ್ಕೈದು ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ಆದ್ದರಿಂದ ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆಯ ಮೇಲೆ ಕೊತಕೊತ ಕುದಿಸಿ. ವಿಷ ಹೋಗಲು ಹತ್ತು ನಿಮಿಷ ಸಾಕು, ಆದರೆ ಕಾಳಿನ ಒಳಗೂ ಬಿಸಿ ತಲುಪಲಿ ಎಂದು ಆ ಇಲಾಖೆ ಹೇಳುವುದು ಮೂವತ್ತು ನಿಮಿಷ. ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ. ಬೇರೆ ದೊಡ್ಡ ಬೀನ್ಸ್ ಕಾಳುಗಳಿಗೂ ಇದೇ ಅಭ್ಯಾಸ ಇಟ್ಟುಕೊಂಡರೆ ಯೋಚನೆಯೇ ಇಲ್ಲ. ರಾಜ್ಮಾ ಪ್ರೆಶರ್ ಕುಕ್ಕರಿನಲ್ಲೇ ಪೂರ್ತಿ ಬೇಯುವುದಾದರೆ ಈ ಭಯ ಇಲ್ಲ, ಅಲ್ಲಿ ಬಿಸಿ ಸುಮಾರು 120 ಡಿಗ್ರಿಗೆ ಹೋಗುತ್ತದೆ.

ಇನ್ನು ಯಾವುದಕ್ಕೆ ಬೇಡ? ಪಟ್ಟಿ ಉದ್ದ ಇದೆ. ಮೀನು ಬೇಡ. ಸೊಪ್ಪು, ಬಟಾಣಿಯಂಥ ಎಳೆಯ ತರಕಾರಿ ಬೇಡ, ಬಣ್ಣ ಹೋಗಿ ಸಪ್ಪೆಯಾಗುತ್ತವೆ. ಕೋಳಿಯ ಎದೆಭಾಗ ಎಂಟು ಗಂಟೆ ಇಟ್ಟರೆ ರಸದಲ್ಲಿ ಮುಳುಗಿದ್ದರೂ ಒಣಗಿದ ನಾರಿನಂತಿರುತ್ತದೆ. ಅದರಲ್ಲಿ ಕರಗಲು ಕೊಲಾಜೆನ್ನೇ ಇಲ್ಲವಲ್ಲ. ತೊಡೆಯ ಭಾಗ ಹಾಕಿ. ಅನ್ನ ಅಂಟಂಟಾಗುತ್ತದೆ. ಹಾಲು, ಮೊಸರು, ಕೆನೆ ಒಡೆಯುತ್ತವೆ, ಕೊನೆಯ ಅರ್ಧ ಗಂಟೆಗೆ ಹಾಕಬೇಕು. ಗರಿಗರಿ ಬೇಕಾದ ಯಾವುದೂ ಆಗುವುದಿಲ್ಲ.

ಕೆಂಪಗೆ ಹುರಿದ ರುಚಿಯೂ ಬರುವುದಿಲ್ಲ. ಈರುಳ್ಳಿ, ಮಾಂಸ ಕಂದುಬಣ್ಣಕ್ಕೆ ತಿರುಗಿ ಆ ಘಮ ಬೇಗ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ನೀರಿರುವ ಪಾತ್ರೆ ನೂರನ್ನೇ ದಾಟುವುದಿಲ್ಲ. ‘ಎಲ್ಲಾ ಹಾಕಿ ಮುಚ್ಚಿ, ಅಷ್ಟೇ’ ಎಂಬ ಪಾಕವಿಧಾನಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದು ಇದಕ್ಕೇ. ಹಾಗೆ ಮಾಡಿದ ಅಡುಗೆ ಹಸಿದವರಿಗೆ ನಡೆಯುತ್ತದೆ, ಎರಡನೇ ಸಲ ಯಾರೂ ಕೇಳುವುದಿಲ್ಲ. ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು, ಬಾಣಲೆಗೆ ಅಂಟಿದ್ದನ್ನೂ ಸ್ವಲ್ಪ ನೀರು ಹಾಕಿ ಕೆರೆದು ಪಾತ್ರೆಗೆ ಸುರಿದರೆ ಬೇರೆಯದೇ ಅಡುಗೆ.

ನಿಮ್ಮ ಬಳಿ ಪ್ರೆಶರ್ ಕುಕ್ಕರ್ ಇದೆ. ಹಾಗಾಗಿ ಹೋಲಿಕೆ ಅದರ ಜೊತೆಗೇ ಮಾಡಬೇಕು. ಕಾಳು, ಮಾಂಸ, ರಸ, ಈ ಮೂರನ್ನೂ ಅದು ಒಂದು ಗಂಟೆಯೊಳಗೆ ಮುಗಿಸುತ್ತದೆ. ಸ್ಲೋ ಕುಕ್ಕರಿನ ಮಾಂಸ ಇನ್ನೂ ಹದವಾಗಿರುತ್ತದೆ, ಕಾಳು ಇನ್ನೂ ಅಂದವಾಗಿರುತ್ತದೆ ಎನ್ನುವುದು ನಿಜ. ಆದರೆ ದಿನದ ಊಟದಲ್ಲಿ ಆ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಡುತ್ತೀರಿ? ನನ್ನ ಮಟ್ಟಿಗೆ, ಸಂಜೆ ಮನೆಗೆ ಬಂದು ಒಂದು ಗಂಟೆ ಅಡುಗೆಮನೆಯಲ್ಲಿರಲು ಬೇಸರವಿಲ್ಲದವರಿಗೆ ಪ್ರೆಶರ್ ಕುಕ್ಕರ್ ಸಾಕು. ಬಂದ ಕೂಡಲೇ ಮಕ್ಕಳಿಗೋ ದೊಡ್ಡವರಿಗೋ ತಟ್ಟೆ ಹಾಕಬೇಕು, ಅಥವಾ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತಾರೆ ಎನ್ನುವ ಮನೆಗೆ ಸ್ಲೋ ಕುಕ್ಕರ್ ನಿಜಕ್ಕೂ ನೆಮ್ಮದಿ. ಆರೂವರೆಗೂ ಬಿಸಿ, ಎಂಟಕ್ಕೂ ಬಿಸಿ.

ಕರೆಂಟ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮನೆಬಳಕೆಯದು ಹೈನಲ್ಲಿ ಸುಮಾರು 150ರಿಂದ 300 ವಾಟ್, ಲೋನಲ್ಲಿ ಅದಕ್ಕಿಂತ ಕಡಿಮೆ ಎಳೆಯುತ್ತದೆ. ಲೋನಲ್ಲಿ 120 ವಾಟ್ ಎಂದಿಟ್ಟುಕೊಂಡರೆ ಎಂಟು ಗಂಟೆಗೆ ಒಂದು ಯೂನಿಟ್‌ನಷ್ಟು. ‘ಕರೆಂಟ್ ಉಳಿಸುತ್ತದೆ’ ಎಂಬ ಜಾಹೀರಾತಿನ ಮಾತನ್ನೂ ಪೂರ್ತಿ ನಂಬಬೇಡಿ. ಮೂರು ಗಂಟೆ ಓವನ್ ಉರಿಸುವುದಕ್ಕೆ ಹೋಲಿಸಿದರೆ ಉಳಿತಾಯ ಹೌದು. ಅರ್ಧ ಗಂಟೆಯ ಪ್ರೆಶರ್ ಕುಕ್ಕರಿಗೆ ಹೋಲಿಸಿದರೆ ಇಲ್ಲ.

ಯಾರೂ ಇಲ್ಲದಾಗ ಬಿಟ್ಟು ಹೋಗಬಹುದಾ? ಹೌದು, ಅದನ್ನು ಮಾಡಿರುವುದೇ ಅದಕ್ಕೆ. ಗೋಡೆಯಿಂದ, ಪರದೆಯಿಂದ, ಒಣ ಬಟ್ಟೆಯಿಂದ ದೂರ ಇಡಿ, ಸಮತಟ್ಟಾದ ಗಟ್ಟಿ ಜಾಗ ಇರಲಿ, ಪ್ಲಗ್ ನೇರವಾಗಿ ಗೋಡೆಯ ಸಾಕೆಟ್‌ಗೇ ಹೋಗಲಿ. ಎಕ್ಸ್‌ಟೆನ್ಷನ್ ವೈರ್ ಬೇಡ. ಹೊರಗಿನ ಕವಚ ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೈಗೆಟುಕದ ಹಾಗಿರಲಿ. ಮೊದಲ ಒಂದೆರಡು ಸಲ ನೀವು ಮನೆಯಲ್ಲಿರುವ ದಿನವೇ ಓಡಿಸಿ ನೋಡಿ.

ಬೆಂಕಿಗಿಂತ ಜಾಸ್ತಿ ಯೋಚಿಸಬೇಕಾದದ್ದು ಆಹಾರ ಕೆಡುವ ಬಗ್ಗೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಜೋರಾಗಿ ಬೆಳೆಯುತ್ತದೆ. ಸ್ಲೋ ಕುಕ್ಕರ್ ಹೆಸರಿಗೆ ತಕ್ಕಂತೆ ಆ ದಾರಿಯನ್ನು ನಿಧಾನವಾಗಿ ದಾಟುತ್ತದೆ. ಅದನ್ನು ಇನ್ನೂ ನಿಧಾನ ಮಾಡುವ ಕೆಲಸ ನಾವು ಮಾಡಬಾರದು. ಫ್ರೀಜರಿನಿಂದ ತೆಗೆದ ಮಾಂಸವನ್ನು ಹಾಗೇ ಹಾಕಬೇಡಿ, ಹಿಂದಿನ ದಿನವೇ ಫ್ರಿಜ್‌ನ ಕೆಳಗಿಟ್ಟು ಕರಗಿಸಿ. ಹಿಂದಿನ ರಾತ್ರಿ ಹೆಚ್ಚಿಡುವುದಾದರೆ ಬೇರೆ ಡಬ್ಬಿಗಳಲ್ಲಿಡಿ, ಮಾಂಸ ಒಂದು, ತರಕಾರಿ ಒಂದು. ಒಳಪಾತ್ರೆಯನ್ನೇ ತುಂಬಿ ಫ್ರಿಜ್‌ಗೆ ತಳ್ಳಿದರೆ ಆ ದಪ್ಪ ಪಿಂಗಾಣಿ ಬಿಸಿಯಾಗುವುದಕ್ಕೇ ಗಂಟೆಗಳು ಬೇಕು. ತಣ್ಣಗಿದ್ದ ಪಾತ್ರೆಗೆ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಬಿಡಲೂಬಹುದು. ಸುರಿಯುವ ನೀರು ಬಿಸಿ ಇರಲಿ. ಮನೆ ಬಿಡುವ ತನಕದ ಒಂದು ಗಂಟೆ ಹೈನಲ್ಲಿಟ್ಟು, ಹೊರಡುವಾಗ ಲೋಗೆ ತಿರುಗಿಸಿದರೆ ಇನ್ನೂ ಒಳ್ಳೆಯದು.

ಕೆಲವು ಮಾದರಿಗಳಲ್ಲಿ ತಡವಾಗಿ ಶುರು ಮಾಡುವ ಟೈಮರ್ ಇರುತ್ತದೆ. ಎಂಟೂವರೆಗೆ ಹಸಿ ಮಾಂಸ ಹಾಕಿ, ಹನ್ನೆರಡಕ್ಕೆ ಆನ್ ಆಗಲಿ ಎಂದು ಇಡಬಾರದು. ಹಸಿ ಆಹಾರ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರುವಂತಿಲ್ಲ. ಹಾಗೆಯೇ ನಿನ್ನೆಯ ಉಳಿದ ಸಾರನ್ನು ಇದರಲ್ಲಿ ಬಿಸಿ ಮಾಡಬೇಡಿ. ಒಲೆಯ ಮೇಲೆ ಕುದಿಸಿ, ಆಮೇಲೆ ಬೇಕಾದರೆ ಬಿಸಿಯಾಗಿಡಲು ಇದಕ್ಕೆ ಹಾಕಿ.

ನೀವಿಲ್ಲದಾಗ ಕರೆಂಟ್ ಹೋದರೆ? ಮನೆಯಲ್ಲಿದ್ದರೆ ತಕ್ಷಣ ಒಲೆಗೆ ವರ್ಗಾಯಿಸಬಹುದು. ಹೊರಗಿದ್ದು ಬಂದಾಗ ಗಡಿಯಾರದ ಅಂಕಿ ಮಿನುಗುತ್ತಿದ್ದರೆ, ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ, ನೋಡಲು ಬೆಂದಂತೆ ಕಂಡರೂ ಚೆಲ್ಲಬೇಕು. ಹೊಟ್ಟೆ ಉರಿಯುತ್ತದೆ, ಗೊತ್ತು. ನಿಮ್ಮ ಕಡೆ ಹಗಲು ಹೊತ್ತು ಆಗಾಗ ಕರೆಂಟ್ ಹೋಗುತ್ತಿದ್ದರೆ, ನೀವಿಲ್ಲದಾಗ ಬೇಯಿಸಲು ಈ ಪಾತ್ರೆ ಬೇಡ ಎಂದೇ ಹೇಳುತ್ತೇನೆ.

ಅಳತೆಯ ಬಗ್ಗೆ ಚಿಕ್ಕದಾಗಿ. ನೀರು ಇಂಗುವುದಿಲ್ಲ, ಆದ್ದರಿಂದ ಒಲೆಯ ಅಡುಗೆಗೆ ಹಾಕುವುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಹಾಕಿ. ಕಾಳು, ರಸಕ್ಕೆ ಈ ಲೆಕ್ಕ ಬೇಡ. ಪಾತ್ರೆ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ತುಂಬಿರಬೇಕು. ಅರ್ಧಕ್ಕಿಂತ ಕಡಿಮೆಯಾದರೆ ಅಂಚಿನಲ್ಲಿ ಸೀಯುತ್ತದೆ. ಆಲೂಗಡ್ಡೆ, ಕ್ಯಾರೆಟ್ ಮಾಂಸಕ್ಕಿಂತ ನಿಧಾನ ಬೇಯುತ್ತವೆ ಎಂದರೆ ಹೊಸಬರು ನಂಬುವುದಿಲ್ಲ. ಅವು ಮೆತ್ತಗಾಗಲು ಸುಮಾರು 85 ಡಿಗ್ರಿ ಬೇಕು, ಪಾತ್ರೆ ಅಲ್ಲಿಗೆ ಹೋಗುವುದೇ ತಡವಾಗಿ. ಚಿಕ್ಕದಾಗಿ ಹೆಚ್ಚಿ ತಳದಲ್ಲಿ, ಗೋಡೆಗೆ ತಾಗುವಂತೆ ಹಾಕಿ, ಮಾಂಸ ಮೇಲಿರಲಿ. ಪುಡಿ ಮಸಾಲೆಯ ಘಮ ಎಂಟು ಗಂಟೆಯಲ್ಲಿ ಹಾರಿಹೋಗುತ್ತದೆ, ಸ್ವಲ್ಪ ಕೊನೆಗೆ ಉಳಿಸಿಕೊಳ್ಳಿ. ಹಸಿ ಸೊಪ್ಪು, ನಿಂಬೆರಸ ಇಳಿಸುವಾಗ.

ಈಗ ನಿಮ್ಮ ಗೆಳತಿಯ ಪಾತ್ರೆ. ತೆಗೆದುಕೊಳ್ಳುವ ಮೊದಲು, ಬಳಸುವುದನ್ನು ಯಾಕೆ ಬಿಟ್ಟೆ ಎಂದು ಅವಳನ್ನೇ ಕೇಳಿ. ‘ಎಲ್ಲವೂ ಒಂದೇ ರುಚಿ ಬರುತ್ತಿತ್ತು’ ಎಂದರೆ ಹುರಿಯದೆ ಹಾಕುತ್ತಿದ್ದಳು ಎಂದರ್ಥ, ಅದನ್ನು ನೀವು ಸರಿಮಾಡಿಕೊಳ್ಳಬಹುದು. ‘ಬೆಳಿಗ್ಗೆ ಪುರುಸೊತ್ತೇ ಇರಲಿಲ್ಲ’ ಎಂದರೆ ಅದು ನಿಮಗೂ ಅನ್ವಯಿಸುತ್ತದೆ. ‘ತೊಳೆಯಲು ಭಾರ’ ಎಂದರೆ ಎತ್ತಿ ನೋಡಿ, ನಿಜಕ್ಕೂ ಭಾರ.

ಆಮೇಲೆ ಪರೀಕ್ಷೆ. ಒಳಪಾತ್ರೆಯಲ್ಲಿ ಬಿರುಕು, ಒಳಮೈಯ ಹೊಳಪಿನ ಲೇಪ ಕಿತ್ತಿರುವುದು, ವೈರ್ ಸುಲಿದಿರುವುದು ಕಂಡರೆ ಅಲ್ಲೇ ಬಿಟ್ಟುಬಿಡಿ. ಸರಿಯಿದ್ದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತಣ್ಣೀರು ತುಂಬಿ, ಮುಚ್ಚಿ, ಲೋನಲ್ಲಿ ಎಂಟು ಗಂಟೆ ಇಡಿ. ನಡುವೆ ಮುಚ್ಚಳ ತೆಗೆಯಬೇಡಿ. ಕೊನೆಗೆ ತೆಗೆದ ಕೂಡಲೇ ಅಡುಗೆಯ ಥರ್ಮಾಮೀಟರ್ ಮುಳುಗಿಸಿ. ತಡಮಾಡಿದರೆ ನೀರು ಆರಿ ಲೆಕ್ಕ ತಪ್ಪುತ್ತದೆ. 85ರಿಂದ 93 ಡಿಗ್ರಿ ಬಂದರೆ ಚೆನ್ನಾಗಿದೆ. ಅದಕ್ಕಿಂತ ಮೇಲಿದ್ದರೆ ಬಳಸಬಹುದು, ಹೇಳಿದ ಸಮಯಕ್ಕಿಂತ ಬೇಗ ಇಳಿಸಬೇಕು. 85 ಮುಟ್ಟದಿದ್ದರೆ ತಂತಿ ಸೋತಿದೆ, ಅದರಲ್ಲಿ ಅಡುಗೆ ಬೇಡ.

ಪಾತ್ರೆ ಸರಿಯಿದ್ದರೂ ಇಲ್ಲದಿದ್ದರೂ, ರಜಾದಿನ ಒಂದು ದಪ್ಪ ತಳದ ಪಾತ್ರೆಯಲ್ಲಿ, ಮುಚ್ಚಳ ಬಿಗಿಮಾಡಿ, ಒಲೆಯ ಅತಿ ಸಣ್ಣ ಉರಿಯಲ್ಲಿ ಮೂರು ಗಂಟೆ ಏನಾದರೂ ಬೇಯಿಸಿ. ಮನೆಯವರಿಗೆ ಆ ಮೆತ್ತನೆಯ, ರಸರಸವಾದ ಅಡುಗೆ ಇಷ್ಟವಾಯಿತಾ ನೋಡಿ. ಗರಿಗರಿ, ಬಿಸಿಬಿಸಿ, ಆಗ ತಾನೇ ಮಾಡಿದ್ದು ಬೇಕು ಎನ್ನುವ ನಾಲಿಗೆಗಳಾದರೆ ಅಲ್ಲೇ ಉತ್ತರ ಸಿಕ್ಕಿತು.

ಗೆಳತಿಯದು ಸೋತಿದ್ದು, ಹೊಸದು ಕೊಳ್ಳಲೇಬೇಕು ಎಂದಾದರೆ ನಾಲ್ಕು ಜನಕ್ಕೆ ಮೂರೂವರೆಯಿಂದ ನಾಲ್ಕೂವರೆ ಲೀಟರಿನದು ಸಾಕು. ಅಂಗಡಿಯವರು ಆರು ಲೀಟರಿನದನ್ನು ತೋರಿಸುತ್ತಾರೆ, ವಾರವಿಡೀ ಅರ್ಧ ಖಾಲಿ ಓಡುತ್ತದೆ. ನೀವು ಹೊರಗಿರುವುದು ಹತ್ತು ಗಂಟೆ, ಅಡುಗೆಗೆ ಬೇಕಾದದ್ದು ಎಂಟು. ಆದ್ದರಿಂದ ಸಮಯ ಮುಗಿದ ಮೇಲೆ ತಾನಾಗಿ ‘ವಾರ್ಮ್’ಗೆ, ಅಂದರೆ ಬರೀ ಬಿಸಿಯಾಗಿಡುವ ಮಟ್ಟಕ್ಕೆ, ಬದಲಾಗುವ ಮಾದರಿಯನ್ನೇ ಕೇಳಿ. ಬರೀ ತಿರುಗಿಸುವ ಗುಂಡಿಯದು ಅಗ್ಗ, ಆದರೆ ನೀವು ಬರುವವರೆಗೂ ಬೇಯುತ್ತಲೇ ಇರುತ್ತದೆ. ಒತ್ತಡದ ಅಡುಗೆಯನ್ನೂ ನಿಧಾನದ ಅಡುಗೆಯನ್ನೂ ಮಾಡುವ ಕರೆಂಟಿನ ಬಹುಕುಕ್ಕರ್‌ಗಳಿವೆ. ಅವುಗಳಲ್ಲಿ ಬಿಸಿ ತಳದಿಂದ ಬರುತ್ತದೆ, ಒಳಪಾತ್ರೆ ತೆಳುವಾದ ಸ್ಟೀಲಿನದು. ಹಾಗಾಗಿ ಸ್ಲೋ ಕುಕ್ಕರಿನ ಪಾಕವಿಧಾನದ ಸಮಯ ಅವುಗಳಿಗೆ ಹೊಂದುವುದಿಲ್ಲ, ಲೋನಲ್ಲಿ ಕೆಲವದು ಬೇಯದೇ ಉಳಿಯುತ್ತದೆ. ಪ್ರೆಶರ್ ಕುಕ್ಕರ್ ಈಗಾಗಲೇ ಇರುವ ನಿಮಗೆ ಅದು ಬೇಕಿಲ್ಲ.